ಶನಿವಾರ ತಂದ ನಟ್ಟು-ಬೋಲ್ಟು

ಮನುಷ್ಯರ ಮೇಲೆ ಬಂದ ಸಿಟ್ಟು ನನಗೆ ಊಟದ ಹೊತ್ತಿಗೆ ಇಳಿಯುತ್ತದೆ. ತುಕ್ಕು ಹಿಡಿದ ನಟ್ಟಿನ ಮೇಲೆ ಬಂದ ಸಿಟ್ಟು ಮಾತ್ರ ಇಳಿಯುವುದಿಲ್ಲ. ಮನುಷ್ಯನಾದರೆ ತಿರುಗಿ ಬೈಯುತ್ತಾನೆ, ಜಗಳಕ್ಕೊಂದು ಕೊನೆ ಸಿಗುತ್ತದೆ. ಇದು ಎಷ್ಟು ಬೈದರೂ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ನನ್ನ ಕಾರು ಹಳೆಯದು. ಎಷ್ಟು ಹಳೆಯದು ಎಂದು ಕೇಳುವವರ ಮೇಲೂ ನನಗೆ ಸಿಟ್ಟಿದೆ. ಹೋದ ಶನಿವಾರ ಬೆಳಿಗ್ಗೆ ಬೆಟಗೇರಿಯ ನಮ್ಮ ಓಣಿಯ ಹಂಪು ದಾಟುವಾಗ ಅದರ ಸೈಲೆನ್ಸರ್ ಕಳಚಿ ಜೋತುಬಿದ್ದು ರಸ್ತೆ ಕೆರೆಯುತ್ತ ಮನೆಗೆ ಬಂತು. ಮರುದಿನ ಮುಂಡರಗಿಯಲ್ಲಿ ಮಗಳ ಕುಬಸ. ಚೊಚ್ಚಲ ಬಸುರಿ, ತವರಿನ ಬುತ್ತಿ ಬಂದ ಮೇಲೆಯೇ ಉಣ್ಣುತ್ತೇನೆಂದು ಫೋನಿನಲ್ಲಿ ಹೇಳಿದ್ದಳು. ಬಾಡಿಗೆ ಗಾಡಿ ಮಾಡೋಣ ಎಂದು ಹೆಂಡತಿ ಮೆಲ್ಲಗೆ ಅಂದಳು. ಸ್ವಂತ ಕಾರು ಇಟ್ಟುಕೊಂಡು ಬೀಗರ ಮನೆ ಮುಂದೆ ಬಾಡಿಗೆ ಗಾಡಿಯಿಂದ ಇಳಿಯಲೇ ಎಂದು ಅವಳ ಮೇಲೆ ಹರಿಹಾಯ್ದೆ.

ಪಾನಾ ಹಿಡಿದು ನಾನೇ ಕಾರಿನ ಅಡಿಗೆ ತೂರಿದೆ. ಅಲ್ಲಿದ್ದ ಒಂದು ನಟ್ಟಿಗೂ ಆಕಾರ ಉಳಿದಿರಲಿಲ್ಲ. ಎಣ್ಣೆ ಹಾಕಿ, ಹಲ್ಲು ಕಚ್ಚಿ ತಿರುವಿದೆ. ಬೋಲ್ಟಿನ ತಲೆ ಮುರಿಯಿತು, ಪಾನಾ ನನ್ನ ಹಣೆಗೆ ಬಡಿಯಿತು, ತುಕ್ಕು ಕಣ್ಣಿಗೆ ಬಿತ್ತು. ಕಾರು ಮಾಡಿದವರನ್ನು, ಮಾರಿದವರನ್ನು, ಹಂಪು ಹಾಕಿದವರನ್ನು ಸರದಿಯಂತೆ ಬೈದೆ. ಸರಿಯಾಗಿ ಮಳೆಯೇ ಆಗದ ನಮ್ಮ ಸೀಮೆಯಲ್ಲಿ ಇಷ್ಟು ತುಕ್ಕು ಎಲ್ಲಿಂದ ಬರುತ್ತದೋ ಆ ದೇವರಿಗೇ ಗೊತ್ತು. ಕೊನೆಗೆ ಪೇಟೆಗೆ ಹೋಗಿ ಹೊಸ ನಟ್ಟು-ಬೋಲ್ಟುಗಳ ಪೊಟ್ಟಣ ತಂದರೆ, ಅವ್ವ ಹೊಸ್ತಿಲಲ್ಲಿ ಅಡ್ಡ ನಿಂತಿದ್ದಳು.

"ಶನಿವಾರ ಯಾರರ ಕಬ್ಬಣ ತರ್ತಾರೇನೊ ತಮ್ಮಾ? ಹೊರಗಿಡು ಅದನ್ನ."

ಹಾಗಾದರೆ ಕಬ್ಬಿಣದ ಅಂಗಡಿಯವರು ಶನಿವಾರ ಬಾಗಿಲು ಹಾಕುತ್ತಾರೇನು ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

"ಮಾರಾವ್ರು ಮಾರ್ತಾರ. ತರಾವ್ರಿಗೆ ಬುದ್ಧಿ ಇರಬೇಕು," ಅಂದಳು ಅವ್ವ.

ಓದಿದವನು ನಾನು, ಇಂಥದ್ದನ್ನೆಲ್ಲ ನಂಬುವವನಲ್ಲ ಎಂದು ಸಾರಿ, ಕಾರನ್ನೂ ಪೊಟ್ಟಣವನ್ನೂ ಗ್ಯಾರೇಜಿಗೆ ಒಯ್ದೆ. ಮೇಸ್ತ್ರಿ ಹಳೆಯವನ್ನು ಕತ್ತರಿಸಿ ತೆಗೆದ. ಚಕ್ರದ ನಟ್ಟುಗಳನ್ನೂ ಬಿಡದೆ ಎಲ್ಲ ಹೊಸವನ್ನೇ ಹಾಕಿಸಿದೆ. ಮನೆಗೆ ಬಂದವನು ಅವ್ವನ ಮುಂದೆ ಬೇಕೆಂದೇ ಮೂರು ಸಲ ಹಾರ್ನ್ ಬಾರಿಸಿದೆ.

ಮರುದಿನ ಬುತ್ತಿಯ ಬುಟ್ಟಿಗಳನ್ನೇರಿಸಿ ಹೊರಟೆವು. ತಾನು ಹೇಳುವುದನ್ನು ಹೇಳಿಯಾಗಿದೆ, ಇನ್ನು ದೇವರು ನೋಡಿಕೊಳ್ಳುತ್ತಾನೆ ಎಂದು ಅವ್ವ ಹಿಂದಿನ ಸೀಟಿನಲ್ಲಿ ನಿದ್ದೆ ಹೋದಳು. ಗೊರಕೆ ಬೇರೆ. ಗದಗ ದಾಟುತ್ತಲೇ ನನಗೆ ಏನೋ ಕಟಕಟ ಎಂದು ಕೇಳಿಸಿತು. ಇಳಿದು, ಇಸ್ತ್ರಿ ಅಂಗಿಯಲ್ಲೇ ಅಡಿಗೆ ತೂರಿ ಒಂದೊಂದೇ ನಟ್ಟನ್ನು ತಿರುವಿ ನೋಡಿದೆ. ಎಲ್ಲ ಬಿಗಿಯಾಗಿದ್ದವು. ಮತ್ತೆ ಹೊರಟೆ, ಮತ್ತೆ ಕಟಕಟ. ಡಂಬಳದಲ್ಲಿ ಇಳಿದೆ, ಡೋಣಿಯ ಕಡೆ ತಿರುಗುವ ದಾರಿಯ ಬಳಿ ಇಳಿದೆ, ಎಲ್ಲೂ ಏನೂ ಇಲ್ಲದ ಬಯಲಿನಲ್ಲೂ ಇಳಿದೆ. ಅದು ಮಗಳಿಗೆಂದು ತಂದ ಹಸಿರು ಬಳೆಗಳ ಸಪ್ಪಳ ಎಂದು ಹೆಂಡತಿ ಹೇಳಿದಳು. ಮೊದಲೇ ಹೇಳಲು ಏನಾಗಿತ್ತು ಎಂದು ಅವಳಿಗೂ ಬೈದೆ. ಹೇಳಿದ್ದೆ, ನೀವು ಕಾರಿನಡಿಗೆ ಇದ್ದಿರಿ ಅಂದಳು. ಬಳೆಗಳನ್ನು ಅವಳ ಮಡಿಲಲ್ಲಿ ಇಡಿಸಿದ ಮೇಲೂ ನಾನು ಎರಡು ಸಲ ಇಳಿದೆ.

ನಾವು ಮುಂಡರಗಿ ಮುಟ್ಟಿದಾಗ ಬೀಗರ ಮನೆಯಲ್ಲಿ ಕಾದು ಕಾದು ಸಾಕಾದ ಹೆಂಗಸರೆಲ್ಲ ಉಂಡು ಎಲೆ ಎತ್ತಿದ್ದರು. ಮಗಳೊಬ್ಬಳೇ ಉಪವಾಸ ಕೂತಿದ್ದಳು, ಮುಖ ಬಾಡಿತ್ತು.

"ಗಾಡಿ ಕೆಟ್ಟಿತ್ತೇನಪ್ಪಾ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ಗಾಡಿಗೇನೂ ಆಗಿದ್ದಿಲ್ಲವ್ವಾ. ನಿಮ್ಮಪ್ಪ ಹಾದಿ ತುಂಬ ಇಳದಿಳದು ಶನಿವಾರ ಹುಡಿಕ್ಯಾಡಿದಾ."

ಬೀಗರು ನಕ್ಕರು. ಸಿಟ್ಟು ಮಾಡೋಣವೆಂದರೆ ಯಾರ ಮೇಲೆ ಮಾಡುವುದೆಂದು ತಿಳಿಯಲಿಲ್ಲ. ಮೊದಲ ಹೋಳಿಗೆಯನ್ನು ನಾನೇ ಬಡಿಸುತ್ತೇನೆಂದು ಮಗಳ ತಾಟಿನ ಕಡೆ ಕೈ ಚಾಚಿದೆ. ಮೊಳಕೈವರೆಗೆ ಗ್ರೀಸು ಹತ್ತಿತ್ತು. ಹೆಂಡತಿ ಬುಟ್ಟಿಯನ್ನು ನನ್ನಿಂದ ದೂರ ಸರಿಸಿದಳು.