ಹೊಳೆಯ ನಡುವೆ ವಕಾಲತ್ತು

ಗುಟ್ಟು ಕಾಪಾಡುವುದರಲ್ಲಿ ನಮ್ಮ ವಕೀಲಮಾವನನ್ನು ಮೀರಿಸುವವರು ಇಡೀ ಹೊನ್ನಾವರದಲ್ಲಿ ಇರಲಿಲ್ಲ. ಅವರು ಕಾಪಾಡಿದ ಗುಟ್ಟುಗಳೆಲ್ಲ ಕುಮಟೆಯಿಂದ ಭಟ್ಕಳದವರೆಗೆ ಪ್ರತಿಯೊಬ್ಬರಿಗೂ ಗೊತ್ತಿದ್ದವು!

ಮಾವ ಎಂದರೂ ನಂಟರೇನಲ್ಲ, ಅಮ್ಮನ ವಕೀಲರು. ಅಪ್ಪ ಸಿಟ್ಟು ಬಂದರೆ ಅಮ್ಮನನ್ನು ಹೊಡೆಯುತ್ತಿದ್ದ. ನನ್ನನ್ನು ಮಾತ್ರ ಹೆಗಲಿನಿಂದ ಕೆಳಗಿಳಿಸುತ್ತಿರಲಿಲ್ಲ. ಎರಡೂ ನಿಜ. ಕೊನೆಗೊಂದು ದಿನ ಅಮ್ಮ ನನ್ನನ್ನು ಕರೆದುಕೊಂಡು ಕುಮಟೆಯಿಂದ ಹೊಳೆಯಾಚೆಯ ಮಂಕಿಯ ತವರಿಗೆ ಬಂದುಬಿಟ್ಟಳು. "ಅವಳು ಹೋದರೆ ಹೋಗಲಿ, ಮಗಳನ್ನು ಬಿಡೂದಿಲ್ಲ" ಎಂದು ಅಪ್ಪ ಕೋರ್ಟಿನ ಮೆಟ್ಟಿಲು ಹತ್ತಿದ. ನನಗಾಗ ಏಳು ವರ್ಷ. ನಾನು ಯಾರ ಮನೆಯಲ್ಲಿ ಬೆಳೆಯಬೇಕು ಎಂಬುದೇ ಜಗಳ.

ವಕೀಲಮಾವನ ಜಗಲಿಯಲ್ಲಿ ಯಾವಾಗ ನೋಡಿದರೂ ಹತ್ತು ಜನ ಕಕ್ಷಿದಾರರು. ಅಷ್ಟು ಕಿವಿಗಳ ನಡುವೆ ಸಂಸಾರದ ಮಾತು ಆಡುವುದುಂಟೆ? ಅದಕ್ಕೇ ಅವರು ಗಂಡ ಹೆಂಡಿರ ಕೇಸುಗಳನ್ನೆಲ್ಲ ಶರಾವತಿ ದಾಟಿಸುವ ಲಾಂಚಿನಲ್ಲಿ ಕೂತು ಮಾತಾಡುತ್ತಿದ್ದರು. ಹೊಳೆಗೆ ಇನ್ನೂ ಸೇತುವೆ ಇಲ್ಲದ ಕಾಲ. ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸದು ಎಂಬುದು ಅವರ ಯೋಚನೆ. ಆದರೆ ಅದೇ ಸದ್ದಿನಲ್ಲಿ ಅಮ್ಮನಿಗಾದರೂ ಕೇಳಿಸಬೇಕಲ್ಲ! ಹಾಗಾಗಿ ಕರಿ ಕೋಟು ತೊಟ್ಟು, ಆ ದಡದಿಂದ ಈ ದಡಕ್ಕೆ ಮೂರು ಮೂರು ಸಲ ಹೋಗಿ ಬಂದು, ಕಾನೂನನ್ನು ಕೂಗಿ ಕೂಗಿ ಹೇಳುತ್ತಿದ್ದರು.

"ಮೊದಲು ಬೇರೆ ಇರೂಕೆ ಕೋರ್ಟಿನ ಅಪ್ಪಣೆ, ತಂಗೀ! ಮತ್ತೆ ಎರಡು ವರ್ಷ ಕಾಯೂದು! ಆಮೇಲೆ ಬಿಡುಗಡೆ!"

ಬುಟ್ಟಿ ಹಿಡಿದು ಕೂತಿದ್ದ ಮಾವಿನಕುರ್ವೆಯ ಮೀನಿನ ಹೆಂಗಸು ಸುಮ್ಮನಿರುತ್ತಾಳೆಯೆ? "ಎರಡು ವರ್ಷ ಎಂತಕ್ರಾ ಒಡೆಯಾ?"

"ಗಂಡನ ಮನಸ್ಸು ತಿರುಗೂದುಂಟಲ್ಲೆ!"

"ತಿರುಗೂ ಮನಸ್ಸಾಗಿದ್ರೆ ಮೊದಲ್ನೇ ಏಟಿಗೇ ತಿರುಗ್ತಿತ್ತು!"

ಲಾಂಚಿಗೆ ಲಾಂಚೇ ನಕ್ಕಿತು. ಎಷ್ಟೋ ತಿಂಗಳ ಮೇಲೆ ಅಮ್ಮನೂ ನಕ್ಕಳು.

ಇನ್ನೊಂದು ದಿನ ನನ್ನ ಸರದಿ. "ಐದು ತುಂಬೂವರೆಗೆ ಮಗು ತಾಯಿ ಹತ್ರ! ಅದು ದಾಟಿದ್ರೆ ಅಪ್ಪ ಹಕ್ಕು ಕೇಳ್ಬಹುದು! ಆದ್ರೂ ಜಡ್ಜರು ಮುಖ್ಯ ನೋಡೂದು ಮಗು ಹಿತ!"

ಮೀನಿನ ಹೆಂಗಸು ನನ್ನನ್ನು ಹತ್ತಿರ ಎಳೆದು ಜಡೆ ಬಿಡಿಸಿ ನೋಡಿದಳು. "ಹಿತ ಎಂತ ಕೇಳೂದು? ತಲೇಲಿ ಒಂದು ಹೇನಿಲ್ಲ! ಇದು ತಾಯಿ ನೋಡ್ಕಂಡ ಮಗು."

ವಕೀಲಮಾವ ಗಂಭೀರವಾಗಿ ಡೈರಿ ತೆಗೆದು ಅದನ್ನೂ ಬರೆದುಕೊಂಡರು!

ಕೋರ್ಟಿನ ದಿನ ಮಾತ್ರ ಅಮ್ಮ ವಕೀಲಮಾವನನ್ನು ಬದಿಗೆ ಕರೆದಳು. "ಜಡ್ಜರು ಕೇಳಿದ್ರೆ ಅಮ್ಮ ಬೇಕು ಅನ್ನೂಕೆ ಇವಳಿಗೆ ಹೇಳಿಕೊಡಿ" ಎಂದು ಬೇಡಿದಳು.

"ಹೇಳಿಕೊಡೂದಿಲ್ಲ" ಎಂದರು ವಕೀಲಮಾವ. ನನ್ನತ್ತ ಬಗ್ಗಿ, "ಮಗಾ, ನಿಂಗೆ ಎಂತ ಅನ್ಸ್ತದೋ ಅದೇ ಹೇಳು. ಸೋತ್ರೆ ನಾನು ಸೋಲೂದು, ನೀನಲ್ಲ" ಎಂದರು. ಹೇಳಿಕೊಡದ ವಕೀಲರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನಂತೂ ಆಮೇಲೂ ಕಂಡಿಲ್ಲ.

ಜಡ್ಜರು ತಮ್ಮ ಕೋಣೆಗೆ ಕರೆಸಿ ಕೇಳಿದರು. "ಅಮ್ಮನ ಹತ್ರ ಇರ್ತೆ. ಆದ್ರೆ ಅಪ್ಪನೂ ಬೇಕು" ಎಂದೆ. ನಾನು ಅಮ್ಮನ ಬಳಿ ಇರಬೇಕೆಂದೂ ಅಪ್ಪ ತಿಂಗಳಿಗೊಮ್ಮೆ ನೋಡಬಹುದೆಂದೂ ಆಜ್ಞೆಯಾಯಿತು. ಬೇರೆ ಇರಲು ಅಮ್ಮನಿಗೂ ಅಪ್ಪಣೆ ಸಿಕ್ಕಿತು. ಇನ್ನು ಬಿಡುಗಡೆಯ ಕೇಸಿಗೆ ಎರಡು ವರ್ಷ ಕಾಯುವುದಷ್ಟೆ.

ಆದರೆ ಅಪ್ಪನ ಮುಖ ನೋಡಲು ಅಮ್ಮನಿಗೆ ಧೈರ್ಯವಿರಲಿಲ್ಲ. ಹಾಗಾದರೆ ನನ್ನನ್ನು ಅವನ ಹತ್ತಿರ ಕರೆದೊಯ್ಯುವವರು ಯಾರು? ವಕೀಲಮಾವನೇ! ತಿಂಗಳಿಗೊಂದು ಭಾನುವಾರ ಕೈಹಿಡಿದು ಹೊಳೆ ದಾಟಿಸಿ, ಬಂದರದಲ್ಲಿ ಕಾಯುತ್ತಿದ್ದ ಅಪ್ಪನ ಮುಂದೆ ನಿಲ್ಲಿಸುತ್ತಿದ್ದರು. ಅಪ್ಪ ನನ್ನನ್ನು ಅವುಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ವಕೀಲಮಾವ ಅಷ್ಟು ದೂರದಲ್ಲಿ ನಮಗೆ ಬೆನ್ನು ಹಾಕಿ ಕೂತು, ಬೆನ್ನ ಹಿಂದೆ ಕೊಡೆಯನ್ನೂ ಬಿಚ್ಚಿ ಹಿಡಿದಿರುತ್ತಿದ್ದರು. ಬಿಸಿಲು ನೋಡಿದರೆ ಎದುರಿನಿಂದ!

ಒಮ್ಮೆ ತಡೆಯಲಾರದೆ ಕೇಳಿದೆ: "ವಕೀಲಮಾವ, ನೀವು ಈಚೆ ಯಾಕೆ ನೋಡೂದಿಲ್ಲ?"

ಅವರು ಕೊಡೆ ಮಡಚಿ ನನ್ನ ತಲೆಯ ಮೇಲೆ ಕೈಯಿಟ್ಟರು.

"ನಾನು ನಿನ್ನ ಅಮ್ಮನ ವಕೀಲ ಅಲ್ಲನೆ, ಮಗಾ? ನಿನ್ನಪ್ಪ ಅಳೂದು ಕಂಡ್ರೆ, ನಾಳೆ ಕೋರ್ಟಿನಲ್ಲಿ ಅವನ ವಿರುದ್ಧ ವಾದ ಮಾಡೂಕೆ ನಂಗೆ ಬಾಯಿ ಬರೂದಿಲ್ಲ."