ನೂರು ಕೋಟಿಗೊಮ್ಮೆ ಆಗಬೇಕಾದ ತಪ್ಪು ಮಂಗಳವಾರವೇ ಆದ ಬಗ್ಗೆ

ಮಾನವ ದೋಷಗಳ ಪರಸ್ಪರ ಅವಲಂಬನೆಯನ್ನು ಅಳೆಯುವ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಕ್ಯಾಲ್ಕುಲೇಟರೂ ಕ್ಷೇಮವೆಂದು ನಂಬಿ, ಅಣುವಿದ್ಯುತ್ ಸ್ಥಾವರದ ಮೂರನೇ ಪಂಪ್ ಕೋಣೆಯ ತಪಾಸಕಿಯಾದ ನಾನು ವಿನಯದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ರಿಪೇರಿ ಮುಗಿದ ಮೇಲೆ, ಸ್ಥಾವರ ಮಿತಿಮೀರಿ ಕಾಯ್ದಾಗ ನೀರು ಹಾಯಿಸಿ ತಣಿಸುವ ತುರ್ತು ಪಂಪಿನ ವಾಲ್ವನ್ನು ಮತ್ತೆ ತೆರೆಯುವುದು ನನ್ನ ಗಂಡನ ಕೆಲಸ, ತೆರೆದಿದ್ದಾರೆಯೇ ಎಂದು ನೋಡಿ ಸಹಿ ಹಾಕುವುದು ನನ್ನದು, ಅದರ ಮೇಲೆ ಇನ್ನೊಮ್ಮೆ ನೋಡಿ ಸಹಿ ಹಾಕುವುದು ಪಾಳಿಯ ಮೇಲ್ವಿಚಾರಕನಾದ ನನ್ನ ಅಣ್ಣನದು. ಒಬ್ಬೊಬ್ಬರು ಸಾವಿರಕ್ಕೊಮ್ಮೆ ತಪ್ಪುತ್ತಾರೆ, ಆದ್ದರಿಂದ ಮೂವರೂ ಒಟ್ಟಿಗೆ ತಪ್ಪುವುದು ನೂರು ಕೋಟಿಗೊಮ್ಮೆ ಎಂದು ತಾವು ಗುಣಿಸಿ ಕಳಿಸಿದ ವರದಿಯನ್ನು ಓದಿ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಚಿಂತೆಯಿಲ್ಲವೆಂದು ನಾವು ಹಾಯಾಗಿದ್ದೆವು.

ಆ ‘ಒಮ್ಮೆ’ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಬಂತು.

ನನ್ನ ಗಂಡ ವಾಲ್ವಿಗೆ ಕೈ ಹಾಕುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮಾತಾಡಿ ಇಟ್ಟವರು ವಾಲ್ವ್ ತೆರೆದಾಯಿತೆಂದೇ ನಂಬಿ ಮೆಟ್ಟಿಲು ಹತ್ತಿ ಬಂದು, "ತೆಗ್ದಾಯ್ತು, ಸಹಿ ಹಾಕು" ಎಂದರು. ಹನ್ನೊಂದು ವರ್ಷ ಜೊತೆಗೆ ಬಾಳಿದವರು ಹಾಗೆಂದ ಮೇಲೂ ಇಳಿದು ನೋಡಿದರೆ ಅನುಮಾನಪಟ್ಟಂತಾದೀತೆಂದು ಸಹಿ ಹಾಕಿದೆ. ಅಣ್ಣ ನನ್ನ ಸಹಿ ನೋಡಿ, "ನೀನು ನೋಡಿದ್ಮೇಲೆ ಇನ್ನೇನು" ಎಂದು ತನ್ನದನ್ನೂ ಗೀಚಿದ. ಪರೀಕ್ಷೆಗೆಂದು ಶುರುಮಾಡಿದ ಪಂಪು ನೀರಿಲ್ಲದೆ ಅರಚಿಕೊಂಡಿತು. ನಿಜವಾದ ತುರ್ತಿನ ದಿನವಾಗಿದ್ದರೆ ಇದನ್ನು ಬರೆಯಲು ನಾನಾಗಲಿ ಓದಲು ತಾವಾಗಲಿ ಉಳಿಯುತ್ತಿದ್ದೆವೋ ಇಲ್ಲವೋ. ನೋಡದೆ ಸಹಿ ಹಾಕಿದ ತಪ್ಪು ನನ್ನದು; ಆ ಸದ್ದು ಇನ್ನೂ ನನ್ನ ಕಿವಿ ಬಿಟ್ಟಿಲ್ಲ.

ಆಮೇಲೆ ತಮ್ಮ ವಿಭಾಗ ತೋರಿದ ಚುರುಕನ್ನು ಎಷ್ಟು ಹೊಗಳಿದರೂ ಸಾಲದು. ಒಂದೇ ಕೋಣೆಯಲ್ಲಿರುವಿರಾ, ಒಂದೇ ಗುರುವಿನ ಹತ್ತಿರ ಕಲಿತಿರಾ, ಒಬ್ಬರ ಮಾತನ್ನೊಬ್ಬರು ನಂಬುವಿರಾ ಎಂದು ಕೇಳಿದಿರಿ, ಹೌದೆಂದೆವು. ಮದುವೆ ಮಾಡಿಸಿದವರೂ ಕೊಡದ ಪ್ರಶಸ್ತಿಯನ್ನು ತಾವು "ಸಂಪೂರ್ಣ ಅವಲಂಬನೆ: ಒಬ್ಬರು ತಪ್ಪಿದರೆ ಮೂವರೂ ತಪ್ಪುತ್ತಾರೆ" ಎಂದು ಮೊಹರೊತ್ತಿ ಕೊಟ್ಟಿರಿ. ನಮ್ಮತ್ತೆ ಅದಕ್ಕೆ ಚೌಕಟ್ಟು ಹಾಕಿಸಿದ್ದಾರೆ.

ಪರಸ್ಪರ ನಂಬಿಕೆಯನ್ನು ಹಂತಹಂತವಾಗಿ ತಗ್ಗಿಸಿಕೊಳ್ಳಿ ಎಂಬ ತಮ್ಮ ಆದೇಶವನ್ನೂ ಶಿರಸಾವಹಿಸಿದ್ದೇವೆ. ನನ್ನ ಗಂಡ ಬೀಗ ಹಾಕಿದೆನೆಂದರೆ ನಾನು ಎಳೆದು ನೋಡುತ್ತೇನೆ. ನಾನು ಅಡುಗೆಗೆ ಉಪ್ಪು ಹಾಕಿದೆನೆಂದರೆ ಅವರು ಸ್ವತಂತ್ರವಾಗಿ ಇನ್ನೊಮ್ಮೆ ಹಾಕುತ್ತಾರೆ. ನಾನು ತಂಗಿಯೇ ಎಂಬುದಕ್ಕೆ ಅಣ್ಣ ದಾಖಲೆ ಕೇಳಿದ್ದಾನೆ. ಇಷ್ಟಾದರೂ ಅವಲಂಬನೆ ಶೂನ್ಯಕ್ಕಿಳಿದಿಲ್ಲವೆಂದು ತಾವು ಹೇಳುತ್ತಿರುವುದರಿಂದ, ನಮ್ಮ ಮೂವರಿಗೂ ಬೇರೆ ಬೇರೆ ಗಡಿಯಾರ, ಬೇರೆ ಬೇರೆ ಭಾಷೆ, ಸಾಧ್ಯವಾದರೆ ಬೇರೆ ಬೇರೆ ಮಂಗಳವಾರವನ್ನು ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ಅಷ್ಟು ದೊಡ್ಡ ಕೆಲಸ ಕಷ್ಟವಾದರೆ, ವಾಲ್ವಿಗೆ ಇಳಿಯುವ ಮೆಟ್ಟಿಲಿಗೆ ಒಂದು ಬಲ್ಬು ಹಾಕಿಸಿ; ಎರಡು ವರ್ಷದಿಂದ ಅಲ್ಲಿ ತಡಕಾಡಿಕೊಂಡೇ ಇಳಿಯುತ್ತಿದ್ದೇವೆ.

ನಮ್ಮನ್ನು ಬೇರೆ ಪಾಳಿಗಳಿಗೆ ಹಾಕುವ ಹಿಂದಿನ ದಿನ ಕೊನೆಯ ಸಲ ಜೊತೆಯಲ್ಲಿ ಕೆಲಸ ಮಾಡಿದೆವು. ನನ್ನ ಗಂಡ ಮೇಲೆ ಬಂದು, ಟಾರ್ಚನ್ನು ನನ್ನ ಕೈಗಿಟ್ಟು, "ತೆಗ್ದಿದ್ದೀನಿ. ಆದ್ರೆ ನನ್ ಮಾತು ಬಿಡು, ನೀನೇ ಹೋಗಿ ನೋಡು" ಎಂದರು. ಹೋಗಿ ಕೈಯಿಟ್ಟು ನೋಡಿದೆ, ತೆರೆದಿತ್ತು. ಇಷ್ಟು ವರ್ಷಗಳಲ್ಲಿ ಅವರು ನನಗೆ ಹೇಳಿದ ಅತ್ಯಂತ ಪ್ರೀತಿಯ ಮಾತು ಅದೇ ಎಂದು ತಮ್ಮ ನಮೂನೆಯ ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ತಿಳಿಯಲಿಲ್ಲ. ಈಗ ಪಾಳಿ ಬದಲಾಗುವಾಗ ಗೇಟಿನಲ್ಲಿ ಎರಡು ನಿಮಿಷ ಸಿಗುತ್ತೇವೆ.

ತಮ್ಮ ವಿಶ್ವಾಸಿ
(ಆದರೂ ಪರೀಕ್ಷಿಸದೆ ನಂಬಬಾರದಾಗಿ ವಿನಂತಿ),
ತಪಾಸಕಿ, ಮೂರನೇ ಪಂಪ್ ಕೋಣೆ

ಮರೆತ ಮಾತು: ನನ್ನ ಗಂಡ ಮತ್ತು ಅಣ್ಣನ ಜಾಗಕ್ಕೆ, ಒಬ್ಬರಿಗೊಬ್ಬರು ಎಳ್ಳಷ್ಟೂ ಸಂಬಂಧವಿಲ್ಲದವರೆಂದು ಪ್ರಮಾಣೀಕರಿಸಿ ತಾವು ಕಳಿಸಿದ ಇಬ್ಬರೂ ಬಂದು ಸೇರಿದ್ದಾರೆ. ಅವರು ಅವಳಿ ಜವಳಿ. ಯಾರು ಯಾರೆಂದು ತಿಳಿಯುವ ತನಕ ಇಬ್ಬರಿಂದಲೂ ಸಹಿ ಹಾಕಿಸಿಕೊಳ್ಳುತ್ತಿದ್ದೇನೆ.