ಜೆಂಟಿಸಿಕ್ ಆಸಿಡ್ಡೂ ಬಾಳೆಹೂವಿನ ಕೈಯೂ

ನಮ್ಮ ಭಾವನವರು ಹುಣಸೂರಿನ ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಊಟ ಮಾಡಿದರು. ಅಷ್ಟು ವರ್ಷಗಳಲ್ಲಿ ಒಂದು ದಿನವಾದರೂ ನನ್ನ ಅಡುಗೆ ರುಚಿಯಾಗಿದೆ ಎಂದಾಗಲಿ, ಉಪ್ಪು ಕಡಿಮೆಯಾಗಿದೆ ಎಂದಾಗಲಿ ಹೇಳಿದವರಲ್ಲ. ಆ ಅಡುಗೆಯ ರಸ ಕಾಗದದ ಮೇಲೆ ಎಷ್ಟು ಎತ್ತರ ಹತ್ತಿತು ಎಂದು ಮಾತ್ರ ತಪ್ಪದೆ ಹೇಳುತ್ತಿದ್ದರು. ನುಗ್ಗೆಸೊಪ್ಪು ಒಂದು ಗೇಣು, ಹುರುಳಿ ಬಸ್ಸಾರು ನಾಲ್ಕೇ ಬೆರಳು. ಇಂಥ ಹೊಗಳಿಕೆಯನ್ನು ಬೇರೆ ಯಾವ ಗೃಹಿಣಿಯಾದರೂ ಕೇಳಿದ್ದುಂಟೆ?

ಭಾವನವರೆಂದರೆ ನನ್ನ ಯಜಮಾನರ ಅಣ್ಣ. ಮದುವೆಯಾಗಿರಲಿಲ್ಲ. ಊರಾಚೆ ಹೊಗೆಸೊಪ್ಪಿನ ಎಲೆ ಪರೀಕ್ಷಿಸುವ ಒಂದು ಪುಟ್ಟ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದರು. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ಆಗ ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಭಾವನೊಡನೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದ ನನಗೆ ಇದು ಮೊದಮೊದಲು ವಿಚಿತ್ರವೆನಿಸಿತು. ಆಮೇಲೆ ಅಭ್ಯಾಸವಾಯಿತು. ನಡುಮನೆಯಲ್ಲಿ ಒಂದು ಮರದ ಕಂಬವಿತ್ತು. ನಾನು ಅದಕ್ಕೆ, "ಎಲೆ ಹಾಕಿದೆ, ಏಳಬಹುದು" ಎನ್ನುತ್ತಿದ್ದೆ. ಅವರು ಅದೇ ಕಂಬಕ್ಕೆ, "ಇನ್ನೊಂದ್ ಗಳಿಗೆ ಆಯ್ತದೆ" ಎನ್ನುತ್ತಿದ್ದರು. ಹುಣಸೂರಿನ ಅಂಚೆ ಕಚೇರಿಗಿಂತ ನಮ್ಮ ಕಂಬ ಹೆಚ್ಚು ಸುದ್ದಿ ಸಾಗಿಸಿದೆ.

ಪ್ರಯೋಗಾಲಯದ ಕೆಲಸ ಮನೆಗೇಕೆ ಬಂತು ಅನ್ನುತ್ತೀರಾ? ಅವರ ಪರೀಕ್ಷೆಗೆ ಬಿಸಿಲು ಗಾಳಿ ತಾಗದ, ಹಗಲೂ ಇರುಳೂ ಒಂದೇ ಸಮ ತಣ್ಣಗಿರುವ ಜಾಗ ಬೇಕಿತ್ತು. ಅವರ ಕಚೇರಿಯ ಪಕ್ಕದಲ್ಲೇ ಬೆಂಕಿಯ ಕಾವಿನಲ್ಲಿ ಎಲೆ ಬೇಯಿಸುವ ಬ್ಯಾರನ್ ಮನೆ, ಗೋಡೆಯೆಲ್ಲ ಕಾವು. ನಮ್ಮ ಹಿತ್ತಿಲ ಕಡೆಯ ರಾಗಿ ಕೋಣೆ ಮಣ್ಣಿನ ಗೋಡೆಯದು. ಮೇಲಿನ ಸಾಹೇಬರನ್ನು ಒಪ್ಪಿಸಿ, ಎದೆಯೆತ್ತರದ ಗಾಜಿನ ಜಾಡಿಯೊಂದನ್ನು ಎತ್ತಿನ ಗಾಡಿಯಲ್ಲಿ ತಂದು ಕಣಜದ ಪಕ್ಕ ಪ್ರತಿಷ್ಠೆ ಮಾಡಿದರು. ದಪ್ಪ ಕಾಗದದ ಬುಡದಲ್ಲಿ ಎಲೆಯ ರಸದ ಚುಕ್ಕೆಯಿಟ್ಟು, ಜಾಡಿಯೊಳಗಿನ ದ್ರವದಲ್ಲಿ ಬುಡ ಮಾತ್ರ ಮುಳುಗುವಂತೆ ನೇತುಹಾಕುವುದು. ದ್ರವ ಮೇಲೆ ಹತ್ತುತ್ತದೆ. ರಸದೊಳಗಿನ ಒಂದೊಂದು ಪದಾರ್ಥವೂ ತನ್ನ ಶಕ್ತ್ಯನುಸಾರ ಹತ್ತಿ, ಒಂದೊಂದು ಕಡೆ ನಿಂತುಬಿಡುತ್ತದೆ. ಕಾಗದ ಒಣಗಿದ ಮೇಲೆ ಔಷಧಿ ಸಿಂಪಡಿಸಿದರೆ ನಿಂತ ನಿಂತಲ್ಲೇ ಬಣ್ಣ. ಇಷ್ಟೇ. ಆದರೆ ಆ ದ್ರವದ ವಾಸನೆ! ಹುಳಿ ಹೆಂಡದಲ್ಲಿ ಕೊಳೆತ ಬಾಳೆಹಣ್ಣು ಅದ್ದಿದ ಹಾಗೆ.

"ಇದೇನ್ಲಾ ಇದು, ರಾಗಿಗೆಲ್ಲ ಗಬ್ಬು ಇಡಿತದೆ" ಎಂದರು ನಮ್ಮತ್ತೆ.

"ರಾಗಿ ಮೂಸಕ್ಕಿಲ್ಲ ಕಣವ್ವ. ನೀನು ಜಾಡಿ ಮುಟ್ಬ್ಯಾಡ, ಅಷ್ಟೇಯ."

ಜಾಡಿ ಅಲುಗಬಾರದೆಂದು ಕಾಗದ ಹತ್ತುವ ದಿನ ಮನೆಯಲ್ಲಿ ಮೆಣಸಿನಕಾಯಿ ಕುಟ್ಟುವಂತಿರಲಿಲ್ಲ. ಅತ್ತೆ ಒನಕೆ ಹೊತ್ತು ಪಕ್ಕದ ಮನೆಗೆ ಹೋಗಿ ಕುಟ್ಟಿಕೊಂಡು ಬರುತ್ತಿದ್ದರು. "ಒಳಗೆ ಬಾಣಂತಿ ಮಲಗವ್ಳಾ?" ಎಂದು ಪಕ್ಕದವರು ಕೇಳಿದರೆ, "ಊ ಕಣವ್ವ, ಕಾಗ್ದ ಹೆತ್ತದೆ" ಎನ್ನುತ್ತಿದ್ದರು.

ಭಾವನವರಿಗೆ ಹೆಣ್ಣು ನೋಡಲಿಲ್ಲವೆ ಅನ್ನುತ್ತೀರಾ? ನೋಡಿದರು. ಕೆ.ಆರ್. ನಗರದಲ್ಲಿ ಒಂದು ಒಳ್ಳೆಯ ಮನೆತನ. ನಾನೂ ಹೋಗಿದ್ದೆ. ಹುಡುಗಿ ಕಾಫಿ ತಂದಿಟ್ಟು, ಸೆರಗಿನ ತುದಿ ಸುತ್ತುತ್ತ ನಿಂತಳು, ಲಕ್ಷಣವಾಗಿದ್ದಳು. ಭಾವನವರು ಜೇಬಿನಿಂದ ಒಂದು ಕಾಗದದ ಪಟ್ಟಿ ತೆಗೆದು, ಕಾಫಿಗೆ ಅದ್ದಿ, ಕಿಟಕಿಯ ಬೆಳಕಿಗೆ ಹಿಡಿದು ಐದು ನಿಮಿಷ ಧ್ಯಾನಸ್ಥರಾದರು.

"ಚಿಕೋರಿ ಜಾಸ್ತಿ ಅದೆ" ಎಂದರು ಹುಡುಗಿಯ ತಂದೆಗೆ. "ಅಂಗಡಿಯೋನು ಮೋಸ ಮಾಡವ್ನೆ."

ಅಂಗಡಿಯವನು ಹುಡುಗಿಯ ಸೋದರಮಾವ. ಪಕ್ಕದಲ್ಲೇ ಕೂತಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಬಾಯಿ ಬಿಟ್ಟಿದ್ದು ಒಂದೇ ಸಲ: "ಹೆಣ್ಣು ನೋಡ್ಲಾ ಅಂತ ಕರ್ಕೊಂಡೋದ್ರೆ ಕಾಪಿ ನೋಡ್ಕೊಂಡ್ ಬಂದ್ಯಲ್ಲೋ."

ಭಾವನವರ ಸರ್ವಸ್ವವೆಂದರೆ ಹೆಬ್ಬೆರಳಿನಷ್ಟುದ್ದದ ಒಂದು ಕಂದು ಶೀಸೆ. ಮೇಲೆ ಇಂಗ್ಲಿಷಿನಲ್ಲಿ ಜೆಂಟಿಸಿಕ್ ಆಸಿಡ್ ಎಂದು ಬರೆದಿತ್ತು. ಒಳಗೆ ಚಿಟಿಕೆಗಿಂತ ಕೊಂಚ ಹೆಚ್ಚು ಬಿಳಿ ಪುಡಿ. ಆಸಿಡ್ ಎಂಬ ಮಾತು ಓದಿ ನಾನು ಹೆದರಿ ಮಾರು ದೂರ ನಿಂತರೆ, ಅವರು ಕಂಬಕ್ಕೆ ಸಮಾಧಾನ ಹೇಳಿದರು: "ಸುಡಕ್ಕಿಲ್ಲ ಅದು. ಭಾಳ ಸಾಧು. ಗಿಡದೊಳಗೂ ಇರ್ತದೆ." ಅದರ ಉಪಯೋಗವನ್ನೂ ಕಂಬಕ್ಕೇ ವಿವರಿಸಿದರು. ಮದುವೆ ಮನೆಯಲ್ಲಿ ಗುರುತಿಲ್ಲದವರ ನಡುವೆ ಒಬ್ಬರು ಗುರುತಿನವರು ಸಿಕ್ಕರೆ, 'ಅವರ ಪಕ್ಕ ಇರೋರು ಯಾರು, ಹಿಂದೆ ಇರೋರು ಯಾರು' ಎಂದು ಕೇಳುತ್ತ ಎಲ್ಲರನ್ನೂ ತಿಳಿದುಕೊಳ್ಳಬಹುದಲ್ಲ? ಹಾಗೆ ಎಲೆಯ ರಸದ ಪಕ್ಕದಲ್ಲಿ ಇದರದೊಂದು ಚುಕ್ಕೆ. ಇದು ಎಲ್ಲಿ ನಿಲ್ಲುತ್ತದೆಂದು ಗೊತ್ತು. ಉಳಿದವು ಇದಕ್ಕಿಂತ ಮೇಲೋ ಕೆಳಗೋ ನೋಡಿ ಲೆಕ್ಕ. ನೇರಳೆ ದೀಪದಡಿ ಹಿಡಿದರೆ ಅದು ನವಿಲುಗರಿಯ ಕಣ್ಣಿನ ಹಾಗೆ ಹೊಳೆಯುತ್ತಿತ್ತು. ಸಿಂಪಡಿಸಿದರೆ ಕಡುನೀಲಿ.

ಬೊಂಬಾಯಿಯಲ್ಲಿದ್ದ ಅವರ ಹಳೆಯ ಸಹೋದ್ಯೋಗಿಯೊಬ್ಬರು ಒಮ್ಮೆ ಕಾಗದ ಬರೆದಿದ್ದರು. ಭಾವನವರು ಊಟಕ್ಕೆ ಕೂತಾಗ ಅದನ್ನು ತಾಯಿಗೆ ಓದಿ ಹೇಳಿದರು. ಅಲ್ಲಿ ಕಿರಣ ಸೂಸುವ ಔಷಧಿ ತಯಾರಿಸುತ್ತಾರಂತೆ. ರೋಗಿಯ ಮೈಗೆ ಚುಚ್ಚಿದರೆ ಮೂಳೆಯ ಒಳಗೆ ಏನಾಗಿದೆಯೆಂದು ಹೊರಗಿನಿಂದಲೇ ಚಿತ್ರ ತೆಗೆಯಬಹುದಂತೆ. ಆದರೆ ತನ್ನದೇ ಕಿರಣದ ಹೊಡೆತಕ್ಕೆ ಆ ಔಷಧಿ ಶೀಸೆಯೊಳಗೇ ಕೆಡುತ್ತದಂತೆ. ಅದಕ್ಕೆ ಈ ಜೆಂಟಿಸಿಕ್ ಪುಡಿ ಬೆರೆಸಿ ನೋಡುತ್ತಿದ್ದಾರಂತೆ.

"ಬೆರೆಸಿದ್ರೆ ಏನಾಯ್ತದ್ಲಾ?"

"ಬರೋ ಏಟನ್ನೆಲ್ಲ ಇದು ತಾನು ತಿಂತದೆ ಕಣವ್ವ. ಔಷಧಿ ಕೆಡಕ್ಕಿಲ್ಲ."

ಅತ್ತೆ ಮುದ್ದೆ ಮುರಿಯುತ್ತ ಕೊಂಚ ಯೋಚಿಸಿ, "ಅಂಗಾರೆ ಸೊಸೆ ಇದ್ದಂಗೆ ಬುಡು" ಎಂದರು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದುಕೊಂಡೇ ನಕ್ಕೆ. ಅತ್ತೆ ಹೇಳಿದ್ದು ನನ್ನನ್ನೋ, ತಮ್ಮ ಸೊಸೆಗಾಲವನ್ನೋ, ಇವತ್ತಿಗೂ ತಿಳಿಯದು.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ.

ಭಾವನವರು ಹದಿನೇಳು ವರ್ಷ ದುಡಿದಿದ್ದರೂ ಅವರ ಹೆಸರು ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಅಚ್ಚಾಗಿರಲಿಲ್ಲ. ಹಾಜರಿ ಪುಸ್ತಕದಲ್ಲೂ ಅದು ಕೈಬರಹ. ಆ ವರ್ಷ ಸಾಹೇಬರು ಎಲೆಯ ರಸದ ಬಗ್ಗೆ ಲೇಖನ ಬರೆಯುತ್ತಿದ್ದರು. "ಹೊಸದೇನಾದರೂ ತೋರಿಸಿದರೆ ನನ್ನ ಹೆಸರಿನ ಪಕ್ಕ ನಿನ್ನದೂ ಹಾಕಿಸ್ತೀನಿ" ಎಂದಿದ್ದರಂತೆ. ಅಂದಿನಿಂದ ಭಾವನವರು ಗಡ್ಡ ಹೆರೆಯುವುದನ್ನೂ ಮರೆತರು. ಕಂಪಲಾಪುರದ ಕಡೆಯ ಒಂದು ಹೊಲದ ಎಲೆ ತಂದು ರಸ ತೆಗೆದು, ಕಾಗದ ಹತ್ತಿಸಿ, ರಾಗಿ ಕೋಣೆಯ ಹಗ್ಗಕ್ಕೆ ಒಣಗಲು ಸಿಕ್ಕಿಸಿ, ಇನ್ನಷ್ಟು ಎಲೆ ತರಲು ಹನಗೋಡಿಗೆ ಹೋದರು.

ಅವತ್ತು ನಾನು ಹಿತ್ತಿಲಲ್ಲಿ ಬಾಳೆಹೂವು ಬಿಡಿಸುತ್ತಿದ್ದೆ. ಒಂದೊಂದು ಎಸಳಿನ ನಡುವಿನ ಕಡ್ಡಿ ಕೀಳುವ ಕೆಲಸ. ಕೈಗೆ ಎಣ್ಣೆ ಸವರಿಕೊಳ್ಳದಿದ್ದರೆ ಅದರ ಸೊನೆ ವಾರವಾದರೂ ಬಿಡದು. ಅವತ್ತು ಎಣ್ಣೆ ಮರೆತಿದ್ದೆ. ಕಾಗದ ಒಣಗಲೆಂದು ಕೋಣೆಯ ಬಾಗಿಲು ತೆರೆದಿತ್ತು; ಗಾಳಿ ಬೀಸಿತು. ನೋಡಿದರೆ ರಾಗಿ ಕೋಣೆಯ ಕಾಗದ ಹಗ್ಗದಿಂದ ಜಾರಿ, ಇನ್ನೇನು ನೆಲಕ್ಕೆ ಬೀಳುವುದರಲ್ಲಿದೆ. ಓಡಿಹೋಗಿ ಹಿಡಿದು, ಮತ್ತೆ ಸಿಕ್ಕಿಸಿದೆ. ಎಂಥ ಉಪಕಾರ ಮಾಡಿದೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಂಜೆ ಭಾವನವರು ಬಂದು ಔಷಧಿ ಸಿಂಪಡಿಸಿದರು. ಎರಡು ನಿಮಿಷಕ್ಕೆ ಕೋಣೆಯಿಂದ ಹೊರಬಂದು ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಜೆಂಟಿಸಿಕ್ ಕೆಳಗಡೆ ಹೊಸಾದು ಬಂದದೆ. ಒಂದಲ್ಲ, ಎರಡು. ಜೋಡಿಯಾಗಿ ಅಂಟ್ಕೊಂಡವೆ, ನಡುವೆ ಕೂದಲಷ್ಟು ಸಂದು."

ಮಾರನೆಯ ದಿನ ಸಾಹೇಬರಿಗೆ ತೋರಿಸಿದರು. ಇನ್ನೊಮ್ಮೆ ಮಾಡಿ ನೋಡು ಎಂದರಂತೆ. ಮಾಡಿದರು, ಬರಲಿಲ್ಲ. ಮತ್ತೆ ಮಾಡಿದರು, ಜಾಡಿ ತೊಳೆದು, ದ್ರವ ಬದಲಾಯಿಸಿ ಮೂರನೆಯ ಸಲವೂ ಮಾಡಿದರು. ಜೆಂಟಿಸಿಕ್ ತನ್ನ ಜಾಗದಲ್ಲಿ ನೀಲಿಯಾಗಿ ಕೂತಿತ್ತು. ಅದರ ಕೆಳಗೆ ಬರೀ ಬೆಳ್ಳನೆಯ ಕಾಗದ. ಸಾಹೇಬರು, "ಸೋಮವಾರ ಲೇಖನ ಕಳಿಸ್ತೀನಿ. ಹೌದೋ ಅಲ್ಲವೋ ಹೇಳು" ಎಂದುಬಿಟ್ಟರು. ಭಾವನವರ ಮಾತು ನಿಂತಿತು. ಸಾರಿಗೆ ಕಾಗದ ಅದ್ದುವುದೂ ನಿಂತಿತು; ಬಡಿಸಿದ್ದನ್ನು ಸುಮ್ಮನೆ ಉಣ್ಣುತ್ತಿದ್ದರು. ಅದನ್ನು ನೋಡುವುದು ನನಗೆ ಕಷ್ಟವಾಯಿತು.

ಶನಿವಾರ ಮಧ್ಯಾಹ್ನ ಅವರು ಆ ಮೊದಲ ಕಾಗದವನ್ನು ಜಗಲಿಯ ಬೆಳಕಿನಲ್ಲಿಟ್ಟು, ಮಸೂರ ತರಲು ಒಳಗೆ ಹೋಗಿದ್ದರು. ನಾನು ಅಕ್ಕಿ ಆರಿಸುವ ಮೊರ ಹಿಡಿದು ಹಾದುಹೋಗುವಾಗ ಅದರ ಮೇಲೆ ಕಣ್ಣು ಬಿತ್ತು. ಮೊಟ್ಟೆಯಾಕಾರದ ಕಪ್ಪು ಕಲೆ. ನಡುವೆ ಓರೆಯಾಗಿ ಒಂದು ಬಿಳಿ ಗೆರೆ. ಆ ಗೆರೆಯನ್ನು ನಾನು ಎಲ್ಲೋ ನೋಡಿದ್ದೆ. ಎಲ್ಲಿ? ನನ್ನ ಬಲಗೈ ಹೆಬ್ಬೆರಳಿನಲ್ಲಿ. ಮದುವೆಯಾದ ಹೊಸದರಲ್ಲಿ ಈಳಿಗೆಮಣೆ ಕಚ್ಚಿದ ಗಾಯದ ಗುರುತು.

ಮೊರ ಕೆಳಗಿಟ್ಟೆ. ಹೇಳದಿದ್ದರೆ ಏನಾಗುತ್ತದೆ? ಅವರ ಹೆಸರು ಅಚ್ಚಾಗುತ್ತದೆ. ಆಮೇಲೆ ಇನ್ಯಾರೋ ಎಲ್ಲೋ ಅದೇ ಪರೀಕ್ಷೆ ಮಾಡಿ, ಕಾಣದೆ, ಇವರನ್ನು ಸುಳ್ಳುಗಾರ ಎನ್ನುತ್ತಾರೆ. ಹೇಳಿದರೆ? ಹದಿನೇಳು ವರ್ಷಕ್ಕೊಮ್ಮೆ ಬಂದ ಅವಕಾಶವನ್ನು ನಾನೇ ಕಿತ್ತುಕೊಂಡ ಹಾಗೆ. ಯಜಮಾನರಿಂದ ಹೇಳಿಸೋಣವೆಂದರೆ ಅವರು ಕೆಲಸದ ಮೇಲೆ ಪಿರಿಯಾಪಟ್ಟಣಕ್ಕೆ ಹೋಗಿದ್ದವರು ಸೋಮವಾರದವರೆಗೆ ಬರುವಂತಿರಲಿಲ್ಲ.

ಕಂಬದ ಹತ್ತಿರ ನಿಂತೆ. ಭಾವನವರು ಮಸೂರ ಹಿಡಿದು ಬಂದರು.

"ಆ ಕಲೆ ಎಲೆಯದಲ್ಲ" ಎಂದೆ ಕಂಬಕ್ಕೆ. "ಅವತ್ತು ಕಾಗದ ಬೀಳ್ತಾ ಇತ್ತು. ನಾನು ಹಿಡಿದೆ."

ಭಾವನವರು ಜಗಲಿಯಿಂದ ಕಾಗದ ತಂದು ಬೆಳಕಿಗೆ ಹಿಡಿದರು. ಆಮೇಲೆ ಕಂಬ ಕೇಳಿತು: "ಕೈಯಲ್ಲಿ ಏನಿತ್ತು?"

"ಬಾಳೆಹೂವು."

"ಯಾವ ಬೆರಳು?"

ನಾನು ಹೆಬ್ಬೆರಳನ್ನು ಕಂಬದ ಮುಂದೆ ಚಾಚಿದೆ. ಅವರು ಎರಡು ಹೆಜ್ಜೆ ದೂರದಲ್ಲೇ ಬಗ್ಗಿ, ಮಸೂರದೊಳಗಿಂದ ಅದನ್ನೂ ಕಾಗದವನ್ನೂ ಒಂದಾದ ಮೇಲೊಂದು ನೋಡಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ಅಂಗಾರೆ ನನ್ ಕೈ ಕೆಟ್ಟಿಲ್ಲ" ಎಂದರು, ಉಸಿರು ಬಿಟ್ಟು. "ಮೂರು ಸಲ ಬರ್ನಿಲ್ವಲ್ಲ, ಕೈಗೆ ವಯಸ್ಸಾಯ್ತೇನೋ, ಕೆಲ್ಸ ಬುಟ್ಬುಡಾನ ಅಂದ್ಕೊಂಡಿದ್ದೆ."

ಭಾನುವಾರ ಬೆಳಿಗ್ಗೆ ಸಾಹೇಬರಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು, ತಪ್ಪಿದ್ದರೆ ನಾನು ತಿದ್ದಲೆಂದು ಕಂಬದ ಬುಡದಲ್ಲಿಟ್ಟರು. ಓದಿದೆ. ಮೊದಲ ಹಾಳೆಯ ಕಲೆ ಎಲೆಯದಲ್ಲ, ಲೇಖನದಲ್ಲಿ ಸೇರಿಸಬೇಡಿ ಎಂದಿತ್ತು. ಬಾಳೆಹೂವು ಬಿಡಿಸಿದ ಕೈಯಲ್ಲಿ ತಾವೇ ಅಜಾಗರೂಕತೆಯಿಂದ ಮುಟ್ಟಿದ್ದಾಗಿ ಬರೆದಿದ್ದರು.

"ಇದು ನಿಜವಲ್ಲವಲ್ಲ" ಎಂದೆ. ಗಾಬರಿಯಲ್ಲಿ ಕಂಬವನ್ನು ನೋಡುವುದು ಮರೆತು ಅವರ ಮುಖವನ್ನೇ ನೋಡಿಬಿಟ್ಟಿದ್ದೆ. "ನನ್ನ ಕೈ ಅಂತಲೇ ಬರೆಯಿರಿ. ಗಂಡಸರು ಬಾಳೆಹೂವು ಬಿಡಿಸ್ತಾರಾ ಅಂತ ಆಫೀಸಿನಲ್ಲೆಲ್ಲ ನಗ್ತಾರೆ."

"ನಗ್ಲಿ ಬುಡಿ" ಎಂದು ಹಿತ್ತಿಲಿಗೆ ಹೋದರು.

ನಾನು ಹಿಂದೆಯೇ ಹೋದೆ. ಅವರು ಗಿಡದಿಂದ ಒಂದು ಹೂವು ಮುರಿದು, ಒಗೆಯುವ ಕಲ್ಲಿನ ಮೇಲೆ ಕೂತು, ಎಸಳು ಬಿಡಿಸತೊಡಗಿದರು. ಬರದ ಕೆಲಸ, ಅರ್ಧಕ್ಕರ್ಧ ಚಿಂದಿ ಮಾಡಿದರು. ಅತ್ತೆ ಬಾಗಿಲಲ್ಲಿ ನಿಂತು, "ಇದ್ಯಾಕ್ಲಾ, ಏನ್ ಬಂತು ನಿಂಗೆ?" ಎಂದರು.

"ಆಪೀಸ್ ಕೆಲ್ಸ ಕಣವ್ವ."

ಬೆರಳೆಲ್ಲ ಕಪ್ಪಾದ ಮೇಲೆ ಎದ್ದುಬಂದು, ರಾಗಿ ಕೋಣೆಯಲ್ಲಿ ಹೊಸ ಕಾಗದವೊಂದರ ಮೇಲೆ ತಮ್ಮ ಹೆಬ್ಬೆರಳನ್ನು ಒತ್ತಿ ಹಿಡಿದರು. ಔಷಧಿ ಸಿಂಪಡಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಬಿಳಿಯ ಮೇಲೆ ಮೆಲ್ಲಗೆ ಮೊಟ್ಟೆಯಾಕಾರದ ಕಪ್ಪು ಮೂಡಿತು, ಗೆರೆಯಿಲ್ಲದ ಕಲೆ. ಅದನ್ನು ಸಾಹೇಬರ ಕಾಗದದ ಜೊತೆ ಲಕೋಟೆಗೆ ಸೇರಿಸಿ, ನನ್ನ ಬೆರಳಿನ ಗುರುತಿದ್ದ ಹಾಳೆಯನ್ನು ಮಡಿಸಿ ತಮ್ಮ ಟ್ರಂಕಿನ ತಳದಲ್ಲಿಟ್ಟರು.

"ಈಗ ಸುಳ್ಳಲ್ಲ ಕಣಮ್ಮ" ಎಂದರು, ನನ್ನ ಕಡೆ ತಿರುಗಿ. "ನಾಕ್ನೇ ಸಲಕ್ಕೆ ಬಂತು ನೋಡಿ."